ಮಸುಕು ಮಾಡಿದ ಮನೆ

ಕಚೇರಿಯಲ್ಲಿ ಎಲ್ಲರಿಗೂ ಅವಳು ಅಕ್ಕ. ತಲೆಯೆಲ್ಲ ನರೆತುಹೋಗಿದ್ದ ಮ್ಯಾನೇಜರ್ ಕೂಡ ‘ಅಕ್ಕಾ, ಇನ್ನೊಂದು ಮನೆ ಬಂದಿದೆ ನೋಡಿ’ ಎಂದೇ ಕೂಗುತ್ತಿದ್ದರು. ಮನೆ ಬರುವುದು ಎಂದರೆ ಮನೆಯ ಫೋಟೊ ಬರುವುದು. ಮನೆ ಮಾರುವವರನ್ನೂ ಕೊಳ್ಳುವವರನ್ನೂ ಒಂದೆಡೆ ಸೇರಿಸುವ ವೆಬ್‌ಸೈಟಿನ ಕಚೇರಿ ಅದು. ದಲ್ಲಾಳಿಗಳು ಕಳಿಸಿದ ಫೋಟೊಗಳನ್ನು ಅಳತೆಗೆ ತಂದು ಏರಿಸುವುದು ಅಕ್ಕನ ಕೆಲಸ.

ಕ್ಯಾಮೆರಾದಿಂದ ನೇರವಾಗಿ ಇಳಿದ ಫೋಟೊಗಳು ಆನೆಭಾರ. ಹಾಗೇ ಹಾಕಿದರೆ ಅದು ಫೋನಿನಲ್ಲಿ ತೆರೆದುಕೊಳ್ಳುವಷ್ಟರಲ್ಲಿ ನೋಡುವವರು ಬೇರೆ ಮನೆ ಕೊಂಡು ಬೀಗದ ಕೈಯನ್ನೂ ಇಸಿದುಕೊಂಡಿರುತ್ತಾರೆ ಎಂದು ಅಕ್ಕ ಹೊಸಬರಿಗೆ ಹೇಳಿಕೊಡುತ್ತಿದ್ದಳು. ಮೊದಲು ಅಗಲ ಇಳಿಸಬೇಕು. ಆಮೇಲೆ ಒತ್ತಬೇಕು. ಒತ್ತುವುದಕ್ಕೆ ಪರದೆಯ ಮೇಲೆ ‘ಗುಣಮಟ್ಟ’ ಎಂಬ ಒಂದು ಗೀಟು, ಅದರ ಮೇಲೆ ಜಾರುವ ಒಂದು ಗುಂಡಿ. ಎಡಕ್ಕೆ ಎಳೆದಷ್ಟೂ ಫೋಟೊ ಹಗುರ. ಆದರೆ ಆಸೆಬಿದ್ದು ತೀರ ಎಳೆದರೆ ಗೋಡೆ, ನೆಲ, ಬಾಗಿಲು ಎಲ್ಲವೂ ಚೌಕಚೌಕವಾಗಿ ಕಲಸಿ ಗಂಜಿಯಾಗುತ್ತವೆ. ಎಲ್ಲಿ ನಿಲ್ಲಿಸಬೇಕು ಎನ್ನುವುದು ಅಕ್ಕನ ಬೆರಳಿಗೆ ಗೊತ್ತಿತ್ತು. ಇದರ ಜೊತೆಗೆ ಇನ್ನೊಂದು ನಿಯಮ: ಫೋಟೊದಲ್ಲಿ ಮನುಷ್ಯರು ಇರಕೂಡದು. ಕಿಟಕಿಯ ಗಾಜಿನಲ್ಲೋ, ಟೀವಿಯ ಕಪ್ಪು ಪರದೆಯಲ್ಲೋ, ಬಚ್ಚಲಿನ ಕನ್ನಡಿಯಲ್ಲೋ ಯಾರಾದರೂ ಇಣುಕಿದ್ದರೆ ಅವರನ್ನು ಒರೆಸಿ ತೆಗೆಯಬೇಕು.

ಆ ದಿನ ಊಟದ ಹೊತ್ತಿಗೆ ಮುಂಚೆ ಒಂದು ಮನೆ ಬಂತು. ವಿಳಾಸ ಇರಲಿಲ್ಲ, ಅಕ್ಕನ ತನಕ ಬರುವಾಗ ಪ್ರತಿ ಮನೆಗೂ ಒಂದು ಸಂಖ್ಯೆ ಮಾತ್ರ ಇರುತ್ತಿತ್ತು. ಫೋಟೊ ತೆಗೆದವನು ಅಗಲದ ಲೆನ್ಸ್ ಹಾಕಿದ್ದ. ಹಾಗಾಗಿ ಪಡಸಾಲೆ ಮೈದಾನದ ಹಾಗೆ ಕಾಣುತ್ತಿತ್ತು. ಬಣ್ಣಗಳ ಹದ ತಪ್ಪಿ ಎಲ್ಲಕ್ಕೂ ಒಂದು ಬಗೆಯ ನೀಲಿ ಬಡಿದಿತ್ತು. ಅಕ್ಕ ಅಗಲ ಇಳಿಸಿದಳು, ಓರೆಯಾಗಿದ್ದ ಗೋಡೆಗಳನ್ನು ನೆಟ್ಟಗೆ ಮಾಡಿದಳು.

‘ಇಲ್ಲಿ ನೋಡೇ’ ಎಂದು ಪಕ್ಕದ ಮೇಜಿನ ಮಾತಿನಮಲ್ಲಿಯನ್ನು ಕರೆದಳು. ಮನೆಗಳ ಬಗ್ಗೆ ನಾಲ್ಕು ಸಾಲು ಹೊಗಳಿ ಬರೆಯುವ ಆ ಹುಡುಗಿಗೆ ಆ ಅಡ್ಡಹೆಸರು ಇಟ್ಟವಳೂ ಅಕ್ಕನೇ. ‘ಈ ಅಡುಗೆಮನೆ ಗೋಡೆ ನೋಡು. ಹಸಿರು ಕೆಮ್ಮಿನ ಔಷಧಿ ಚೆಲ್ಲಿದ ಹಾಗಿದೆ. ಈ ಬಣ್ಣ ಆರಿಸಿದವರು ಕಣ್ಣನ್ನ ಅಂಗಡಿಯಲ್ಲೇ ಬಿಟ್ಟು ಬಂದಿದ್ರಾ?’

‘ನಾನು “ಕಣ್ಣಿಗೆ ತಂಪು ನೀಡುವ ಅಡುಗೆಮನೆ” ಅಂತ ಬರೀತೀನಿ ಬಿಡಿ’ ಎಂದಳು ಮಾತಿನಮಲ್ಲಿ. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು.

ಮುಂದಿನದು ಬಚ್ಚಲಮನೆಯ ಫೋಟೊ. ಕನ್ನಡಿಯಲ್ಲಿ ಯಾರೋ ನಿಂತಿದ್ದರು. ಬಾಗಿಲು ಮುಚ್ಚಿಕೊಳ್ಳದಂತೆ ಹಿಡಿದು ನಿಂತ ಮನೆಯವರು ಇರಬೇಕು. ಅಕ್ಕ ಆ ಭಾಗವನ್ನು ದೊಡ್ಡದು ಮಾಡಿಕೊಂಡಳು. ಎದುರು ಗೋಡೆಯ ಟೈಲಿನ ಬಣ್ಣವನ್ನು ಎತ್ತಿ, ಕೆಳಗಿನಿಂದ ಶುರುಮಾಡಿ, ಆ ಆಕೃತಿಯ ಮೇಲೆ ಬಳಿಯುತ್ತ ಹೋದಳು. ಸೊಂಟ ಹೋಯಿತು. ಮೊಣಕೈ ಹೋಯಿತು. ಬಾಗಿಲು ಹಿಡಿದಿದ್ದ ಕೈ ಹೋಯಿತು. ಭುಜದ ತನಕ ಬಂದು, ಕತ್ತಿನ ಹತ್ತಿರ ಅಂಚು ನಾಜೂಕಾಗಬೇಕೆಂದು ಇನ್ನೂ ದೊಡ್ಡದು ಮಾಡಿದಳು.

ಪರದೆಯ ತುಂಬ ಅವಳ ಅಮ್ಮನ ಮುಖ.

ಅಮ್ಮ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡಿದ್ದಳು. ಕೂದಲನ್ನು ನೀಟಾಗಿ ಬಾಚಿದ್ದಳು. ಯಾರೋ ಶಭಾಶ್ ಎನ್ನಲಿದ್ದಾರೆ ಎಂದು ಕಾಯುವ ಮಗುವಿನ ಹಾಗೆ ತುಟಿ ಬಿಗಿಹಿಡಿದು ನಗುತ್ತಿದ್ದಳು. ಕತ್ತಿನಿಂದ ಕೆಳಗೆ ಬರೀ ಟೈಲು.

ಅಕ್ಕನಿಗೆ ಮೊದಲು ಬಂದದ್ದು ಹುಚ್ಚು ಯೋಚನೆ: ಅಮ್ಮ ಯಾರದೋ ಮನೆಗೆ ಯಾಕೆ ಹೋದಳು? ಕನ್ನಡಿಯ ಮೂಲೆಯ ಒಡಕು ಕಂಡದ್ದು ಆಮೇಲೆ. ಆ ಒಡಕು ತನ್ನ ಗಂಡ ಗೋಡೆಗೆ ಮೊಳೆ ಹೊಡೆಯುವಾಗ ಆದದ್ದು. ಒಂದೊಂದೇ ಫೋಟೊ ಹಿಂದಕ್ಕೆ ತೆರೆದಳು. ಮೈದಾನದಂಥ ಪಡಸಾಲೆ ತನ್ನ ಪಡಸಾಲೆ. ಸೋಫಾ ಬೇರೆ ಗೋಡೆಗೆ ಸರಿದಿತ್ತು ಅಷ್ಟೆ. ಮಗಳ ಪುಸ್ತಕದ ರಾಶಿ ಇಲ್ಲ, ಗಂಡನ ಸಲಕರಣೆ ಪೆಟ್ಟಿಗೆ ಇಲ್ಲ, ಕುರ್ಚಿಯ ಬೆನ್ನಿಗೆ ಸದಾ ನೇತಾಡುವ ತನ್ನ ಸ್ವೆಟರ್ ಇಲ್ಲ. ಮಲಗುವ ಕೋಣೆಯಲ್ಲಿ ಬೋಳು ಮಂಚ. ಕೆಮ್ಮಿನ ಔಷಧಿಯ ಅಡುಗೆಮನೆ ತನ್ನದೇ. ಆ ಹಸಿರನ್ನು ಅಂಗಡಿಯಲ್ಲಿ ನಿಂತು ಹಟಮಾಡಿ ಆರಿಸಿದವಳು ತಾನೇ. ದಿನಕ್ಕೆ ಹತ್ತಾರು ಮನೆ ನೋಡುವ ಕಣ್ಣು ಬೆಳಕು, ನೆರಳು, ಮೂಲೆ ನೋಡಿತ್ತೇ ಹೊರತು ಮನೆಯನ್ನು ನೋಡಿರಲಿಲ್ಲ.

‘ಅಕ್ಕಾ, ಮುಖ ಯಾಕೆ ಬಿಳಿಚಿಕೊಂಡಿದೆ?’ ಎಂದಳು ಮಾತಿನಮಲ್ಲಿ.

‘ಏನಿಲ್ಲ, ತಲೆ ಸುತ್ತು’ ಎಂದು ಅಕ್ಕ ಮೆಟ್ಟಿಲ ಹತ್ತಿರ ಹೋಗಿ ಅಮ್ಮನಿಗೆ ಫೋನ್ ಮಾಡಿದಳು.

‘ಹೇಳು ಮರಿ’ ಎಂದಳು ಅಮ್ಮ. ಮಗಳು ನಲವತ್ತು ದಾಟಿದರೂ ಅವಳಿಗೆ ಮರಿಯೇ. ಹಿಂದೆ ಕುಕ್ಕರ್ ಕೂಗುತ್ತಿತ್ತು. ‘ಬರ್ತಾ ಸೊಪ್ಪು ತರ್ತೀಯಾ? ಎಳೇದು ನೋಡಿ ತಾ. ಹೋದ್ಸಲ ತಂದಿದ್ದು ಬರೀ ದಂಟು.’

ಅಷ್ಟೇ. ದನಿಯಲ್ಲಿ ಒಂದು ಎಳೆಯಷ್ಟೂ ವ್ಯತ್ಯಾಸವಿಲ್ಲ. ಅಕ್ಕ ‘ತರ್ತೀನಿ’ ಎಂದಳು.

ಮೇಜಿಗೆ ಮರಳಿ ಬಂದಳು. ಎದುರಿಗೆ ತನ್ನ ಮನೆ, ತನ್ನ ಕುರುಹೇ ಇಲ್ಲದ ಮನೆ. ಆಮೇಲೆ ಮಾಡಿದ್ದನ್ನು ಅವಳು ಯೋಚಿಸಿ ಮಾಡಿದಳು ಎನ್ನುವ ಹಾಗಿಲ್ಲ. ಫೋಟೊಗಳ ಅಗಲವನ್ನು ಅಂಚೆಚೀಟಿಯಷ್ಟಕ್ಕೆ ಇಳಿಸಿದಳು. ಅದನ್ನೇ ಮತ್ತೆ ಹಿಗ್ಗಿಸಿದಳು. ಗುಣಮಟ್ಟದ ಗುಂಡಿಯನ್ನು ಎಡಗಡೆಯ ಕೊನೆಗೆ ತಂದು ಒತ್ತಿದಳು. ಇನ್ನೊಂದು ಸಲ ಒತ್ತಿದಳು. ಪಡಸಾಲೆ ಕೆಸರಾಯಿತು. ಕಿಟಕಿಗಳು ಬೂದು ಬಣ್ಣದ ಇಟ್ಟಿಗೆಗಳಾದವು. ಬಚ್ಚಲ ಕನ್ನಡಿಯಲ್ಲಿ ಅಮ್ಮನ ಮುಖವಿದ್ದ ಜಾಗದಲ್ಲಿ ತಿಳಿಗಂದು ಚೌಕಗಳು ನಾಲ್ಕಾರು. ಈ ಮನೆಯನ್ನು ಈಗ ಯಾವ ನರಪಿಳ್ಳೆಯೂ ನೋಡಲು ಬರುವುದಿಲ್ಲ. ಎಲ್ಲವನ್ನೂ ವೆಬ್‌ಸೈಟಿಗೆ ಏರಿಸಿದಳು. ಜಾಗ ಉಳಿಸಲು ಮೂಲ ಫೋಟೊಗಳನ್ನು ಅಳಿಸುವುದು ಅಲ್ಲಿನ ರೂಢಿ, ಅವನ್ನೂ ಅಳಿಸಿದಳು. ಹಾಗೆ ಮಾಡಿದ ಮೇಲೆಯೇ ಅವಳಿಗೆ ಉಸಿರು ಬಂದದ್ದು.

ಸಂಜೆ ಸೊಪ್ಪು ಹಿಡಿದು ಮನೆಗೆ ಹೋದಾಗ ಸೋಫಾ ಇದ್ದಲ್ಲೇ ಇತ್ತು, ಸ್ವೆಟರ್ ಕುರ್ಚಿಯ ಬೆನ್ನಿಗೆ ಮರಳಿತ್ತು. ಅಕ್ಕ ಅದನ್ನೇ ನೋಡುತ್ತ ನಿಂತಳು. ಹಗಲಿನಲ್ಲಿ ತಾವು ಯಾರೂ ಇಲ್ಲದಾಗ ಇದನ್ನೆಲ್ಲ ಎತ್ತಿಟ್ಟು, ಮತ್ತೆ ತಂದು ಜೋಡಿಸಿ, ಅಮ್ಮ ಎಷ್ಟು ಓಡಾಡಿರಬೇಕು!

ಊಟಕ್ಕೆ ಎಲ್ಲರೂ ಕೂತರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ, ಹೈಸ್ಕೂಲಿನ ಮಗಳು, ಅಕ್ಕ. ಅಮ್ಮ ಎಲ್ಲರಿಗೂ ಬಡಿಸಿ, ತಾನೂ ಕೂತು, ಕೈಯೊರೆಸಿಕೊಂಡು ಫೋನ್ ತೆಗೆದಳು.

‘ಇವತ್ತು ಹಾಕ್ತೀವಿ ಅಂದಿದ್ರು ದಲ್ಲಾಳಿ’ ಎಂದಳು. ದನಿಯಲ್ಲಿ ಸಡಗರ ಇತ್ತು. ‘ಮರಿ, ನಿಮ್ಮ ಆಫೀಸಿನವರದ್ದೇ ಅಂತೆ ಆ ವೆಬ್‌ಸೈಟು. ನೀನೇ ಮಾಡಿರ್ತೀಯ ಅಂದ್ಕೊಂಡೆ. ಎಲ್ಲಿ, ನಮ್ಮ ಮನೆ ಹೇಗೆ ಬಂದಿದೆ ನೋಡೋಣ.’

‘ಎಲ್ಲಿಗೆ ಹಾಕೋದು ಅತ್ತೆ?’ ಎಂದ ಗಂಡ, ತುತ್ತು ಬಾಯಲ್ಲಿಟ್ಟುಕೊಂಡೇ.

‘ಮಾರಾಟಕ್ಕೆ ಕಣಪ್ಪಾ, ಮನೇನ.’

ಗಂಡ ಅಗಿಯುವುದನ್ನು ನಿಲ್ಲಿಸಿದ. ಹೆಂಡತಿಯ ಮುಖ ನೋಡಿದ. ಅಕ್ಕ ತಟ್ಟೆ ನೋಡುತ್ತಿದ್ದಳು.

ಅಮ್ಮ ಬೆರಳಾಡಿಸುತ್ತ ಫೋಟೊ ಹುಡುಕಿದಳು. ಸಿಕ್ಕಿತು. ಮುಖದ ನಗು ಹಾಗೇ ಉಳಿದು ಹುಬ್ಬು ಮಾತ್ರ ಗಂಟಿಕ್ಕಿತು. ಫೋನನ್ನು ದೂರ ಹಿಡಿದಳು, ಹತ್ತಿರ ತಂದಳು. ಬಟ್ಟೆಯ ಅಂಚಿನಿಂದ ಪರದೆ ಒರೆಸಿದಳು. ಕನ್ನಡಕ ತೆಗೆದು ಅದನ್ನೂ ಒರೆಸಿ ಹಾಕಿಕೊಂಡಳು. ಆಮೇಲೆ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನೋಡಿದಳು. ಆ ಕೈ ತೆಗೆದು ಇನ್ನೊಂದು ಕಣ್ಣು ಮುಚ್ಚಿಕೊಂಡಳು.

ಹೋದ ವರ್ಷ ಅಮ್ಮನ ಕಣ್ಣಿನ ಪೊರೆ ತೆಗೆಸಿದ್ದರು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಅಮ್ಮ ದಿನಾ ಬೆಳಿಗ್ಗೆ ಕಿಟಕಿಯ ಹತ್ತಿರ ನಿಂತು ಹೀಗೇ ಒಂದೊಂದು ಕಣ್ಣು ಮುಚ್ಚಿ ಪರೀಕ್ಷೆ ಮಾಡಿಕೊಳ್ಳುತ್ತಿದ್ದಳು.

‘ಮತ್ತೆ ಬಂತು ಅನ್ಸುತ್ತೆ’ ಎಂದಳು ಅಮ್ಮ ಮೆಲ್ಲಗೆ. ದನಿ ಇಷ್ಟೇ ಇಷ್ಟಾಗಿತ್ತು. ‘ಮತ್ತೆ ಬರಲ್ಲ ಅಂದಿದ್ರು ಡಾಕ್ಟ್ರು. ಎಲ್ಲಾ ಕಲಸಿಕೊಂಡು ಕಾಣ್ತಿದೆ. ಎರಡೂ ಕಣ್ಣಲ್ಲಿ.’

‘ಅಮ್ಮ—’

‘ಈಗ ಕಣ್ಣು ಹೋದ್ರೆ ನಾನೆಲ್ಲಿ ಹೋಗ್ಲಿ? ಎಲ್ಲಾ ಮಾತಾಡಿಟ್ಟಾಗಿದೆ.’ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿ ಒಂದು ಆಯಸ್ಸು ಕಳೆದವಳು, ಯಾವ ರಕ್ತಕ್ಕೂ ಹೆದರದವಳು, ಹೀಗೆ ಹೆದರಿದ್ದನ್ನು ಅಕ್ಕ ಆವತ್ತೇ ಮೊದಲು ಕಂಡದ್ದು.

‘ನಿನ್ನ ಕಣ್ಣು ಸರಿಯಾಗಿದೆ ಅಮ್ಮ. ಫೋಟೋನೇ ಹಾಗಿರೋದು.’

‘ಫೋಟೊ ಯಾಕೆ ಹಾಗಿರುತ್ತೆ? ಆ ಹುಡುಗ ತೆಗೆದ ತಕ್ಷಣ ನಂಗೆ ತೋರಿಸಿದ್ದ. ಗಾಜಿನ ಹಾಗಿತ್ತು.’

‘ನಾನು ಮಾಡಿದ್ದು’ ಎಂದಳು ಅಕ್ಕ. ‘ಬೇಕಂತಲೇ ಹಾಳು ಮಾಡಿದೆ. ಯಾರೂ ನೋಡೋಕೆ ಬರಬಾರ್ದು ಅಂತ.’

ಅಮ್ಮ ಫೋನನ್ನು ಕವುಚಿ ಇಟ್ಟಳು. ಕಣ್ಣು ಹೋಗಿಲ್ಲ ಎಂಬ ಸಮಾಧಾನ ಅವಳ ಮುಖದ ಮೇಲೆ ಒಂದು ಗಳಿಗೆ ಬಂದು, ಅಲ್ಲೇ ಬೇರೆಯದಾಯಿತು.

‘ಎರಡು ದಿನ ಈ ಮನೆ ತಿಕ್ಕಿದೀನಿ ನಾನು’ ಎಂದಳು. ‘ಸ್ಟೂಲ್ ಹತ್ತಿ ಫ್ಯಾನ್ ಒರೆಸಿದೀನಿ. ಮಂಡಿ ನೋವಲ್ಲಿ. ನನ್ನ ಮನೆಗೆ ಮಸಿ ಬಳಿದು ಬೀದೀಲಿಟ್ಟೆಯಲ್ಲೇ.’

ಆ ಮಾತಿಗೆ ಅಕ್ಕನ ಅಳುಕೆಲ್ಲ ಸಿಟ್ಟಾಗಿ ತಿರುಗಿತು. ‘ನನಗೊಂದು ಮಾತು ಹೇಳದೆ ಮಾರೋಕೆ ಹೊರಟಿದ್ದು ಯಾರು? ನಾವೆಲ್ಲಿ ಹೋಗ್ಬೇಕು? ಇಷ್ಟು ವರ್ಷ ನಿನ್ನನ್ನ ಜೊತೇಲಿ ಇಟ್ಕೊಂಡು ನೋಡ್ಕೊಂಡಿದ್ದಕ್ಕೆ ಇದಾ?’

ಅಮ್ಮ ಅವಳನ್ನೇ ದಿಟ್ಟಿಸಿದಳು. ಸಿಟ್ಟಲ್ಲ, ನಿಜವಾದ ಅಚ್ಚರಿ.

‘ಯಾರು ಯಾರನ್ನ ಇಟ್ಕೊಂಡಿದ್ರು ಮರಿ?’

ಅಪ್ಪ ತೀರಿಕೊಂಡ ಮೇಲೆ ರಾತ್ರಿಪಾಳಿ ಮಾಡಿ ಮಾಡಿ ಅಮ್ಮ ಕೊಂಡ ಮನೆ ಇದು. ಅಕ್ಕ ಬಸುರಿಯಾಗಿದ್ದಾಗ, ಬಾಡಿಗೆ ಮನೆಯ ಗೋಡೆಯೆಲ್ಲ ತೇವವಾಗಿ ಬೂಷ್ಟು ಹಿಡಿಯಿತೆಂದು, ‘ಒಂದಾರು ತಿಂಗಳು ಇದ್ದು ಹೋಗ್ತೀವಿ’ ಎಂದು ಗಂಡನ ಜೊತೆ ಎರಡು ಸೂಟ್‌ಕೇಸ್ ಹಿಡಿದು ಬಂದಿದ್ದಳು. ಆಗ ಹೊಟ್ಟೆಯಲ್ಲಿದ್ದವಳು ಈಗ ಹೈಸ್ಕೂಲು. ಯಾವಾಗಲೋ ದೊಡ್ಡ ಕೋಣೆ ತಮ್ಮದಾಗಿತ್ತು, ಅಮ್ಮ ಸಣ್ಣ ಕೋಣೆಗೆ ಸರಿದಿದ್ದಳು. ಯಾವಾಗಲೋ ಅಕ್ಕ ಸಿಕ್ಕವರಿಗೆಲ್ಲ ‘ಅಮ್ಮ ನಮ್ಮ ಜೊತೇಲೇ ಇದ್ದಾರೆ’ ಎಂದು ಹೇಳತೊಡಗಿದ್ದಳು. ಹೇಳಿ ಹೇಳಿ ಅದನ್ನು ನಂಬಿಯೂ ಬಿಟ್ಟಿದ್ದಳು.

‘ಹೇಳಲಿಲ್ಲ ಅನ್ಬೇಡ’ ಎಂದಳು ಅಮ್ಮ. ‘ಬಟ್ಟೆ ಮಡಚೋವಾಗ ಹೇಳಿದೆ. ಮಾರಿಬಿಡೋಣ ಅಂತಿದೀನಿ, ನಂಗೂ ಸಾಕಾಯ್ತು ಅಂದೆ. ನೀನು ಫೋನ್ ನೋಡ್ತಾ “ನಿನ್ನಿಷ್ಟ ಅಮ್ಮ” ಅಂದೆ. ಇನ್ನೊಂದ್ಸಲ ನೀನು ಬಸ್ಸಿಗೆ ಹೊರಟಾಗ ಹೇಳಿದೆ. ನೀನು “ಸಂಜೆ ಮಾತಾಡೋಣ” ಅಂದೆ. ಎಷ್ಟು ಸಂಜೆ ಕಾದೆ ನಾನು.’

ಬಟ್ಟೆ ಮಡಚುವಾಗಿನ ಮಾತು ಅಕ್ಕನಿಗೆ ನೆನಪಿತ್ತು. ಅಮ್ಮ ಹೇಳುತ್ತಿರುವುದು ಬಾಗಿಲು ಕೂರದ ಆ ಹಳೆ ಬೀರುವಿನ ಬಗ್ಗೆ ಎಂದುಕೊಂಡಿದ್ದಳು.

‘ನಂಗೆ ಗೊತ್ತಿತ್ತು’ ಎಂದಿತು ಒಂದು ಸಣ್ಣ ದನಿ. ಮಗಳು. ಎಲ್ಲರೂ ಅತ್ತ ತಿರುಗಿದರು. ‘ಅಜ್ಜಿ ಹೇಳಿದ್ರು. ಪುಸ್ತಕ ಎತ್ತಿಡೋಕೆ ನಾನೇ ಹೆಲ್ಪ್ ಮಾಡಿದ್ದು. ನಿಂಗೂ ಗೊತ್ತು ಅಂದ್ಕೊಂಡಿದ್ದೆ ಅಮ್ಮ. ಅಜ್ಜಿ ಬಂದರಿನ ಊರಿಗೆ ಹೋಗ್ತಾರೆ. ಹಾಸ್ಟೆಲ್ ಫ್ರೆಂಡ್ ಜೊತೆ ಇರೋಕೆ.’

ಮೊದಲ ಕೆಲಸದ ದಿನಗಳಲ್ಲಿ ನರ್ಸುಗಳ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದ ಗೆಳತಿ. ಅವಳಿಗೂ ಈಗ ಯಾರ ಹಂಗಿಲ್ಲ. ಇಬ್ಬರೂ ಸೇರಿ ಲಿಫ್ಟ್ ಇರುವ ಒಂದು ಪುಟ್ಟ ಫ್ಲಾಟ್ ನೋಡಿಟ್ಟಿದ್ದರು. ಅಕ್ಕ ಆ ಗೆಳತಿಯ ಬಗ್ಗೆ ಕೇಳಿದ್ದಳೇ ಹೊರತು ಅವಳು ಇನ್ನೂ ಬದುಕಿದ್ದಾಳೆಂದು ಸಹ ಗೊತ್ತಿರಲಿಲ್ಲ. ಇಬ್ಬರೂ ವಾರಕ್ಕೆರಡು ಸಲ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದರಂತೆ. ಈ ಮನೆಯಲ್ಲೇ, ಪಕ್ಕದ ಕೋಣೆಯಲ್ಲೇ.

‘ಯಾಕಮ್ಮ?’ ಎಂದಳು ಅಕ್ಕ. ಅಷ್ಟೇ ಕೇಳಲು ಆದದ್ದು. ‘ನಾವೇನು ಕಮ್ಮಿ ಮಾಡಿದ್ವಿ?’

ಅಮ್ಮ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದಳು. ‘ಕಮ್ಮಿ ಏನಿಲ್ಲ. ದಿನಾ ನಾಲ್ಕು ಗಂಟೆಗೆ ನನ್ನ ತಲೇಲಿ ಒಂದೇ: ರಾತ್ರಿಗೆ ಏನು ಮಾಡ್ಲಿ. ಟೀವಿ ನೋಡ್ತಿದ್ರೂ ಅದೇ, ನಿದ್ದೇಲಿದ್ರೂ ಅದೇ. ಅದಿಲ್ಲದೆ ಸ್ವಲ್ಪ ದಿನ ಇರ್ಬೇಕು ಅನ್ನಿಸ್ತು. ಹೀಗೆ ಹೇಳಿದ್ರೆ ನಿಂಗೆ ಬೇಜಾರಾಗುತ್ತೆ ಅಂತ ಗೊತ್ತು.’ ಎದ್ದು ತಟ್ಟೆ ತೆಗೆಯಲು ಕೈಚಾಚಿದಳು. ಅಕ್ಕನ ಗಂಡ ಆ ಕೈಯಿಂದ ತಟ್ಟೆ ಇಸಿದುಕೊಂಡ. ‘ನೀವು ಕೂತ್ಕೊಳ್ಳಿ ಅತ್ತೆ’ ಎಂದ. ಈ ಮಾತು ಅವನ ಬಾಯಿಂದ ಬಂದದ್ದಕ್ಕೆ ಅವನಿಗೇ ಗಾಬರಿಯಾದಂತಿತ್ತು. ತಟ್ಟೆ ಹಿಡಿದು ಎತ್ತ ಹೋಗಬೇಕೆಂದು ತೋಚದೆ ಸ್ವಲ್ಪ ಹೊತ್ತು ನಿಂತೇ ಇದ್ದ.

ಮರುದಿನ ಅಕ್ಕ ಮ್ಯಾನೇಜರ್ ಮುಂದೆ ನಡೆದದ್ದೆಲ್ಲ ಹೇಳಿದಳು. ‘ಅಕ್ಕಾ, ನೀವಾ?’ ಎಂದರು ಅವರು, ಕನ್ನಡಕ ತೆಗೆದು. ಬೈಯಲು ಬಾಯಿ ತೆರೆದವರು ಬೈಯಲಾರದೆ ನೀರು ಕುಡಿದರು. ದಲ್ಲಾಳಿ ಆಗಲೇ ಎರಡು ಸಲ ಫೋನ್ ಮಾಡಿ ಕೂಗಾಡಿದ್ದ. ಫೋಟೊ ತೆಗೆಯುವ ಹುಡುಗ ತನ್ನ ಮೆಮೊರಿ ಕಾರ್ಡಿನಲ್ಲಿ ಬೇರೆ ಮನೆಗಳನ್ನು ತುಂಬಿಕೊಂಡಿದ್ದ. ಹಳೆಯದು ಅವನ ಹತ್ತಿರವೂ ಇರಲಿಲ್ಲ. ‘ಕ್ಯಾಮೆರಾ ಕೊಡ್ತೀನಿ, ನೀವೇ ತೆಗೀರಿ’ ಎಂದರು ಮ್ಯಾನೇಜರ್. ‘ಇನ್ನೊಂದು ಸಲ ಹೀಗಾದ್ರೆ ನಿಮ್ಮನ್ನ ಅಕ್ಕ ಅನ್ನಲ್ಲ ನಾನು.’

ರಜೆಯ ದಿನ ಅಕ್ಕ ಕ್ಯಾಮೆರಾ ಹಿಡಿದು ತನ್ನ ಮನೆಯ ಬಾಗಿಲಲ್ಲಿ ನಿಂತಳು. ಅಮ್ಮ ಮುಂದಾಳು. ‘ಪರದೆ ಪೂರ್ತಿ ಸರಿಸು. ಆ ಟೂತ್‌ಬ್ರಷ್ ತೆಗಿ, ಯಾರು ಕೊಳ್ತಾರೆ ಅದನ್ನ ನೋಡಿದ್ರೆ.’ ತಮ್ಮ ನಾಲ್ವರ ಸಾಮಾನನ್ನೆಲ್ಲ ಬಾಲ್ಕನಿಗೆ ತುಂಬಿ ಬಾಗಿಲು ಹಾಕಿದರು. ಗಂಡ ಸೋಫಾ ಎಳೆದ. ಸಣ್ಣ ಕೋಣೆಯ ಫೋಟೊ ತೆಗೆಯುವಾಗ ಅಗಲದ ಲೆನ್ಸ್ ಹಾಕಿ ಗೋಡೆಗೆ ಬೆನ್ನು ಅಂಟಿಸಿ ನಿಂತರೂ ಮಂಚ ಪೂರ್ತಿ ಹಿಡಿಯಲಿಲ್ಲ. ಇಷ್ಟು ಚಿಕ್ಕದಾ ಇದು, ಎಂದುಕೊಂಡಳು ಅಕ್ಕ. ಇಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ಅಷ್ಟು ಹೊತ್ತು ನಿಂತದ್ದೇ ಇರಲಿಲ್ಲ. ಅವಳ ಕಣ್ಣು ತುಂಬಿದ್ದು ಅಮ್ಮನಿಗೆ ಕಾಣಲಿಲ್ಲ, ಕ್ಯಾಮೆರಾ ಅಡ್ಡವಿತ್ತು.

ಕಚೇರಿಯಲ್ಲಿ ಅವನ್ನು ಅಳತೆಗೆ ಇಳಿಸಿ, ಬಣ್ಣದ ನೀಲಿ ತೆಗೆದು, ಗುಂಡಿಯನ್ನು ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ ಒತ್ತಿದಳು. ಫೋಟೊಗಳು ಹಗುರವಾದವು, ಒಂದು ಗೆರೆಯೂ ಕದಡಲಿಲ್ಲ. ಮಾತಿನಮಲ್ಲಿ ವಿವರಣೆ ಬರೆಯಲು ಕೂತು, ಮೊದಲ ಸಲ ಮಾತೇ ಹೊರಡದೆ, ‘ಏನಂತ ಬರೀಲಿ ಅಕ್ಕಾ?’ ಎಂದಳು.

‘ಬೆಳಕು ಚೆನ್ನಾಗಿದೆ ಅಂತ ಬರಿ. ಬೆಳಿಗ್ಗೆ ಹೊತ್ತು ನಿಜವಾಗ್ಲೂ ಚೆನ್ನಾಗಿರುತ್ತೆ.’

ಆ ವಾರವೇ ಜನ ಬಂದರು. ಅಪರಿಚಿತರು ತನ್ನ ಬೀರು ತೆರೆದು ಆಳ ನೋಡುವಾಗ, ನಲ್ಲಿ ತಿರುಗಿಸಿ ನೀರಿನ ರಭಸ ನೋಡುವಾಗ ಅಕ್ಕ ನೆಂಟರ ಮನೆಗೆ ಬಂದವಳಂತೆ ಸೋಫಾದ ಅಂಚಿಗೆ ಕೂತಿದ್ದಳು. ಅಮ್ಮ ಮಾತ್ರ ಓಡಾಡಿ ಓಡಾಡಿ ತೋರಿಸಿದಳು. ಅವಳಿ ಮಕ್ಕಳ ಒಂದು ಸಂಸಾರ ಮನೆಯನ್ನು ಒಪ್ಪಿತು. ಅಕ್ಕನೂ ಗಂಡನೂ ಡಿಪೋದ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆ ಹಿಡಿದರು. ಮಗಳು ಒಂದು ದಿನ ಅತ್ತಳು, ಮರುದಿನ ಹೊಸ ಮನೆಯಲ್ಲಿ ತನ್ನ ಮೂಲೆ ಯಾವುದೆಂದು ಆರಿಸಿಕೊಂಡಳು.

ಅಮ್ಮ ಮೊದಲು ಹೊರಟಳು. ರೈಲು ನಿಲ್ದಾಣದಲ್ಲಿ ಅವಳ ಸೂಟ್‌ಕೇಸ್ ಎತ್ತಿದ ಅಕ್ಕನಿಗೆ ಅದು ಅಷ್ಟು ಹಗುರವಿದ್ದದ್ದಕ್ಕೆ ಅನುಮಾನವೇ ಬಂತು. ‘ಏನೋ ಬಿಟ್ಟು ಬಂದಿದೀಯ ನೋಡು’ ಎಂದಳು. ‘ಏನೂ ಬಿಟ್ಟಿಲ್ಲ’ ಎಂದಳು ಅಮ್ಮ, ಕಿಟಕಿಯ ಪಕ್ಕದ ಸೀಟು ಸಿಕ್ಕ ಖುಷಿಯಲ್ಲಿ.

ನಾಲ್ಕು ದಿನ ಬಿಟ್ಟು ಸಂಜೆ ಅಕ್ಕ ಫೋನ್ ಮಾಡಿದಳು. ಹೊಸ ಒಲೆ ಸರಿಯಾಗಿ ಹತ್ತುವುದಿಲ್ಲ, ಗಂಡ ಅಡುಗೆ ಮಾಡಲು ಹೋಗಿ ಬಾಣಲೆ ತಳ ಹಿಡಿಸಿದ, ಮಗಳು ಬರೀ ಬ್ರೆಡ್ಡು ತಿನ್ನುತ್ತಿದ್ದಾಳೆ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಆ ಕಡೆ ಗಾಳಿಯ ಸದ್ದು, ಹಡಗೊಂದು ಕೂಗಿದ ಸದ್ದು, ಯಾರೋ ಹೆಂಗಸು ಜೋರಾಗಿ ನಕ್ಕ ಸದ್ದು.

‘ಮರಿ, ಲಿಫ್ಟ್ ಬಂತು’ ಎಂದಳು ಅಮ್ಮ. ‘ಅವಳು ಬಾಗಿಲು ಹಿಡಿದು ನಿಂತಿದಾಳೆ. ಆಮೇಲೆ ಮಾಡ್ತೀನಿ, ಆಯ್ತಾ?’

ಅಕ್ಕ ಏನಾದರೂ ಹೇಳುವ ಮುಂಚೆಯೇ ಫೋನ್ ಕಟ್ಟಾಯಿತು. ಅದನ್ನು ಕೆಳಗಿಟ್ಟು, ರಾತ್ರಿಗೆ ಏನು ಮಾಡ್ಲಿ ಎಂದುಕೊಳ್ಳುತ್ತ ಅವಳು ಒಲೆಯನ್ನು ಮತ್ತೆ ಹೊತ್ತಿಸಲು ಹೋದಳು.